ಡ್ರೈವರ್‌ಗೆ ಡ್ಯೂಟಿ ಟೈಮು, ತಿಂಗಳ ಪಗಾರ: ಪುಣೆ–ಬೆಂಗಳೂರು ಲೈನಿನಲ್ಲಿ ನನ್ನ ಅನುಭವ

ಪುಣೆ ಪಕ್ಕದ ನಿಗಡಿ ಟ್ರಾನ್ಸ್‌ಪೋರ್ಟ್ ನಗರದಲ್ಲಿ ನನ್ನ ಬಗ್ಗೆ ಒಂದು ಮಾತು ಓಡಾಡುತ್ತಿತ್ತು. "ಡ್ರೈವರ್‌ಗಳಿಗೆ ತಿಂಗಳ ಪಗಾರ ಕೊಡ್ತಾನಂತೆ, ಮನೆಗೆ ಬೇರೆ ಕಳಿಸ್ತಾನಂತೆ. ಆರು ತಿಂಗಳಲ್ಲಿ ಗಾಡಿ ಮಾರ್ತಾನೆ ನೋಡು." ಮೂರು ವರ್ಷದ ಮೇಲಾಯಿತು. ಗಾಡಿ ಮಾರಿಲ್ಲ, ಎರಡು ಹೊಸದು ಬಂದಿವೆ. ಹಾಗೆ ಹೇಳಿದವರಲ್ಲೇ ಕೆಲವರು ಈಗ ಫೋನ್ ಮಾಡಿ ಲೆಕ್ಕ ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ನನ್ನವು 32 ಅಡಿ ಕಂಟೇನರ್ ಗಾಡಿಗಳು, ಹತ್ತರ ಆಸುಪಾಸು. ಪುಣೆ ಹತ್ತಿರದ ಚಾಕಣ್‌ನಿಂದ ಆಟೋ ಪಾರ್ಟ್ಸ್ ಬೆಂಗಳೂರಿಗೆ, ಅಲ್ಲಿಂದ ಸಿಕ್ಕ ಲೋಡ್ ವಾಪಸ್. ಡ್ರೈವರ್‌ಗಳು ಹೆಚ್ಚಿನವರು ಇಂಡಿ, ಸಿಂದಗಿ, ಜಮಖಂಡಿ ಕಡೆಯವರು. ನಾನೂ ಆ ಕಡೆಯವನೇ.

ಡ್ರೈವರ್ ಸಿಗ್ತಿಲ್ಲ ಅನ್ನೋದು ನಮ್ಮೆಲ್ಲರ ಗೋಳು. ಯಾಕೆ ಸಿಗಬೇಕು ಹೇಳಿ? ಊರಲ್ಲಿ ಲಾರಿ ಡ್ರೈವರ್ ಅಂದರೆ ಹೆಣ್ಣು ಕೊಡಲ್ಲ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನು ಅರ್ಧ ಕೋಟಿಯ ಮಾಲು ಹೊತ್ತು, ರಾತ್ರಿ ಮಳೆಯಲ್ಲಿ ಖಂಬಾಟ್ಕಿ ಘಾಟ್ ದಾಟಿ ಬಂದಿರುತ್ತಾನೆ. ಕಂಪನಿ ಗೇಟಿನಲ್ಲಿ ಅವನಿಗೆ ಸಿಗುವ ಸ್ವಾಗತ "ಏ ಡ್ರೈವರ್, ಬಾಹೇರ್ ಥಾಂಬ್", ಅಂದರೆ ಹೊರಗೆ ನಿಲ್ಲು. ಒಳಗೆ ಮೆಷಿನ್ ಆಪರೇಟರ್‌ಗೆ ಶಿಫ್ಟ್ ಇದೆ, ಕ್ಯಾಂಟೀನ್ ಇದೆ, ಪಿಎಫ್ ಇದೆ. ನಮ್ಮವನಿಗೆ ಸಂಡಾಸಿಗೂ ಜಾಗ ಇಲ್ಲ. 2024ರ ಜನವರಿಯಲ್ಲಿ ಹಿಟ್ ಅಂಡ್ ರನ್ ಕಾನೂನಿನ ವಿರುದ್ಧ ಡ್ರೈವರ್‌ಗಳು ಗಾಡಿ ನಿಲ್ಲಿಸಿದಾಗ ಪೆಟ್ರೋಲ್ ಪಂಪ್‌ಗಳ ಮುಂದೆ ಕ್ಯೂ ಬೆಳೆದಿತ್ತು. ಆಗ ಎಲ್ಲರಿಗೂ ಡ್ರೈವರ್ ನೆನಪಾದರು. ಆಮೇಲೆ ಮತ್ತೆ ಮರೆತರು.

ಗೇಟಿನವನನ್ನು ಬೈದು ಪ್ರಯೋಜನ ಇಲ್ಲ. ಮಾಲೀಕರಾದ ನಾವು ಡ್ರೈವರ್‌ನನ್ನು ಹೇಗೆ ನಡೆಸಿಕೊಳ್ಳುತ್ತೇವೋ ಉಳಿದವರೂ ಹಾಗೇ ನಡೆಸಿಕೊಳ್ಳುತ್ತಾರೆ. ಹಾಗಾಗಿ ನನ್ನ ಕಡೆಯಿಂದ ಶುರು ಮಾಡಿದೆ.

ಮೊದಲು ಕೈ ಹಾಕಿದ್ದು ಡೀಸೆಲ್ ಲೆಕ್ಕಕ್ಕೆ. ನಮ್ಮ ಲೈನಿನ ಪದ್ಧತಿ ನಿಮಗೆ ಗೊತ್ತೇ ಇದೆ. ಟ್ರಿಪ್ಪಿಗೆ ಇಂತಿಷ್ಟು ಅಂತ ಕೊಡುವುದು, ಉಳಿದರೆ ಡ್ರೈವರ್‌ನದು. ಅದರಿಂದ ಏನಾಗುತ್ತದೆ ಅಂತ ನೋಡಬೇಕಾದರೆ ಸಾತಾರಾ ಕಡೆಯಿಂದ ಬಂದು, ಕಾತ್ರಜ್ ಹೊಸ ಸುರಂಗ ದಾಟಿ, ನವಲೆ ಪುಲ್ ಕಡೆ ಇಳಿಯುವಾಗ ಮುಂದಿನ ಗಾಡಿಗಳನ್ನು ಗಮನಿಸಿ. ನ್ಯೂಟ್ರಲ್ ಮಾಡಿ ಬಿಟ್ಟಿರುತ್ತಾರೆ. ಎಂಜಿನ್ ಹಿಡಿತ ಇಲ್ಲ, ಎಕ್ಸಾಸ್ಟ್ ಬ್ರೇಕ್ ಇಲ್ಲ, ಡ್ರಮ್ ಕಾದು ಬ್ರೇಕ್ ಹಿಡಿಯಲ್ಲ. ಅಲ್ಲಿ ಎಷ್ಟು ಜೀವ ಹೋಗಿವೆ ಅಂತ ಪುಣೆಯವರಿಗೆ ಹೇಳಬೇಕಾಗಿಲ್ಲ. ಎರಡು ಲೀಟರ್ ಉಳಿಸಿದರೆ ಮಗಳ ಪುಸ್ತಕಕ್ಕೆ ದುಡ್ಡಾಗುತ್ತದೆ ಅನ್ನೋ ಹಾಗೆ ನಾವೇ ಲೆಕ್ಕ ಕಟ್ಟಿದ್ದರೆ ಅವನು ಏನು ಮಾಡಬೇಕು? ಇನ್ನೂ ಬೇಸರದ ಸಂಗತಿ ಅಂದರೆ, ಈಗಿನ ಬಿಎಸ್6 ಎಂಜಿನ್ನಿನ ಗಾಡಿಯಲ್ಲಿ ಡೀಸೆಲ್ ಉಳಿಯುವುದೂ ಇಲ್ಲ. ಗೇರಿನಲ್ಲಿಟ್ಟು ಎಕ್ಸಲರೇಟರ್ ಬಿಟ್ಟರೆ ಇಂಜೆಕ್ಟರ್ ಡೀಸೆಲ್ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಐಡಲ್‌ಗೆ ಕುಡಿಯುತ್ತಲೇ ಇರುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ. ಒಬ್ಬ ಹಿರಿಯ ಡ್ರೈವರ್‌ನನ್ನು ಕೂರಿಸಿಕೊಂಡು ಅದೇ ಇಳಿಜಾರಿನಲ್ಲಿ ಡಿಸ್‌ಪ್ಲೇ ತೋರಿಸಿಕೊಂಡು ಬಂದೆ. ಆಮೇಲೆ ಉಳಿದವರಿಗೆ ಹೇಳುವ ಕೆಲಸ ಅವನೇ ಮಾಡಿದ.

ನಂತರ ಪಗಾರ. ಬ್ಯಾಂಕ್ ಖಾತೆಗೆ ತಿಂಗಳಿಗೆ 26,000ದ ಸುತ್ತಮುತ್ತ, ರಸ್ತೆಯಲ್ಲಿದ್ದ ದಿನಕ್ಕೆ ಊಟದ ಭತ್ತೆ 300. ಟೋಲ್ ಫಾಸ್ಟ್ಯಾಗ್‌ನಿಂದ, ಡೀಸೆಲ್ ಕಾರ್ಡಿನಿಂದ. ಕೈಗೆ ನಗದು ಕಡಿಮೆ. ಪಿಎಫ್‌ಗೆ 20 ಜನ ಇಲ್ಲದಿದ್ದರೂ ನಾವಾಗಿ ಸೇರಬಹುದು, ಸೇರಿದೆವು. ನೌಕರರ ಆರೋಗ್ಯ ವಿಮೆ ಇಎಸ್‌ಐಗೆ ಪಗಾರದ ಮಿತಿ 21,000, ನಮ್ಮವರು ಅದರ ಮೇಲೆ. ಅದಕ್ಕೆ ಮನೆಮಂದಿಗೆಲ್ಲ ಸೇರಿ ಮೆಡಿಕ್ಲೈಮ್ ತೆಗೆದುಕೊಂಡೆ. ಜೊತೆಗೆ ವರ್ಷಕ್ಕೆ 20 ರೂಪಾಯಿಯ ಸರ್ಕಾರಿ ಅಪಘಾತ ವಿಮೆ, 436ರ ಜೀವ ವಿಮೆ. ಇವೆರಡನ್ನು ಮಾಡಿಸದ ಮಾಲೀಕರು ಇವತ್ತೇ ಮಾಡಿಸಿ, ಎರಡೆರಡು ಲಕ್ಷದ ರಕ್ಷಣೆ ಅದು.

ಪಗಾರ ಶುರುವಾದ ಮೇಲೆ ಆವರೇಜ್ ಬಿತ್ತು. ಲೀಟರಿಗೆ 5.2 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 4.7ಕ್ಕೆ ಬಂತು. "ಹೇಳಲಿಲ್ವಾ?" ಅಂದರು ನಿಗಡಿಯವರು. ಕೆಲವರು ಬಿಟ್ಟೂ ಹೋದರು. ಅವರಿಗೆ ನಗದೇ ಬೇಕಿತ್ತು, ತಪ್ಪೇನಿಲ್ಲ. ಆವರೇಜ್ ಮತ್ತೆ ಮೇಲೆ ತಂದದ್ದು ಒಂದು ಬೋನಸ್ ಲೆಕ್ಕ. ಅದು ಲೀಟರ್ ಮೇಲೂ ಇಲ್ಲ, ಟೈಮ್ ಮೇಲೂ ಇಲ್ಲ. ಯಾವುದರ ಮೇಲೆ ಅಂತ ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ಜಾಸ್ತಿ ದುಡ್ಡು ಕಳೆದಿದ್ದೇನೆ. ಜಿಪಿಎಸ್ ರಿಪೋರ್ಟ್ ಪೂರ್ತಿ ಓದುವ ಅಭ್ಯಾಸ ಇದ್ದವರಿಗೆ ತಾನಾಗಿ ಹೊಳೆಯುತ್ತದೆ.

ನಿಜವಾದ ಕಷ್ಟ ಇದ್ದದ್ದು ಗಂಟೆಯ ವಿಷಯದಲ್ಲಿ. ದಿನಕ್ಕೆ 8 ಗಂಟೆ, ದೂರದ ರೂಟಿಗೆ ಹೆಚ್ಚೆಂದರೆ 10 ಅಂತ ಕಾನೂನು 1961ರಲ್ಲೇ ಬರೆದಿತ್ತು. ನಮ್ಮ ಲೈನಿನಲ್ಲಿ ಅದನ್ನು ನೋಡಿದವರು ಯಾರು? ಪುಣೆ–ಬೆಂಗಳೂರು 840 ಕಿಲೋಮೀಟರ್, ಒಬ್ಬನೇ ಎಳೆಯುತ್ತಾನೆ. ದೊಡ್ಡ ಕಂಪನಿಗಳು ರಿಲೇ, ಅಂದರೆ ದಾರಿ ನಡುವೆ ಡ್ರೈವರ್ ಬದಲು, ಮಾಡಿದ್ದನ್ನು ಕೇಳಿದ್ದೆ. ಹತ್ತು ಗಾಡಿಯವನಿಗೆ ಅದು ಆಗಲ್ಲ ಅಂತ ಎಲ್ಲರೂ ಅಂದರು. ಹುಬ್ಬಳ್ಳಿ ಹೆಚ್ಚುಕಡಿಮೆ ನಟ್ಟನಡುವೆ ಬರುತ್ತದೆ, ಪುಣೆಯಿಂದ 430. ಎರಡೂ ಕಡೆಯಿಂದ ಗಾಡಿ ಹೊರಟು ಅಲ್ಲಿ ಡ್ರೈವರ್ ಬದಲಾಗುವುದು, ಇದು ಮೊದಲ ಏರ್ಪಾಟು. ಕಾಗದದ ಮೇಲೆ ಚೆನ್ನಾಗಿತ್ತು. ರಸ್ತೆಯಲ್ಲಿ ಇಬ್ಬರೂ ಹತ್ತು ಗಂಟೆ ಓಡಿಸಿ ಸುಸ್ತಾಗಿ ಬರುತ್ತಿದ್ದರು. ಇಬ್ಬರೂ ಮಲಗಿದರೆ ಎರಡು ಗಾಡಿಯೂ ನಿಲ್ಲುತ್ತದೆ. ಲಾಭ ಎಲ್ಲಿಂದ ಬರಬೇಕು? ಆ ಒಂದು ಹಂತದಲ್ಲೇ ಒಂದೂವರೆ ಲಕ್ಷದಷ್ಟು ಹೋಯಿತು.

ಈಗ ನಡೆಯುತ್ತಿರುವುದು ಹೀಗೆ. ಹುಬ್ಬಳ್ಳಿ ಬೈಪಾಸ್ ಹತ್ತಿರ ಎರಡು ರೂಮ್ ಬಾಡಿಗೆಗೆ ಹಿಡಿದಿದ್ದೇನೆ, ತಿಂಗಳಿಗೆ 8,000. ನಾಲ್ಕು ಮಂಚ, ಬಿಸಿನೀರು, ರೊಟ್ಟಿ ಬಡಿದು ಕೊಡುವ ಒಬ್ಬ ಅಕ್ಕ. ಗಾಡಿ ತಂದವನು ಇಳಿದು ಮಲಗುತ್ತಾನೆ. ಮೊದಲೇ ಬಂದು ನಿದ್ದೆ ಮುಗಿಸಿದವನು ಅದೇ ಗಾಡಿ ಹತ್ತಿ ಹೊರಡುತ್ತಾನೆ. ಗಾಡಿ ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲುವುದಿಲ್ಲ. ಎದ್ದವನಿಗೆ ತನ್ನ ಕಡೆ ಹೋಗುವ ಗಾಡಿ ಸಿಗುವ ಹಾಗೆ ಲೋಡಿಂಗ್ ಟೈಮ್ ಜೋಡಿಸುವುದೇ ಇದರ ಜೀವಾಳ. ಪೀಣ್ಯದ ಒಬ್ಬ ಟ್ರಾನ್ಸ್‌ಪೋರ್ಟ್ ಮಿತ್ರರ ಜೊತೆ ಅದಕ್ಕೊಂದು ಒಪ್ಪಂದ ಇದೆ. ಅದರ ವಿವರ ನಮ್ಮಿಬ್ಬರಲ್ಲೇ ಇರಲಿ.

ಡ್ರೈವರ್‌ಗಳು ಮೊದಲು ಒಪ್ಪಲಿಲ್ಲ. ನಾನು ಕಾಕಾ ಅಂತ ಕರೆಯುವ ಹಿರಿಯರೊಬ್ಬರು ಅಂದರು, "ಸಾವ್ಕಾರ್ರ, ಈ ಗಾಡಿ ನಂದು ಅಂತ ನೋಡ್ಕೊಂಡೀನ್ರಿ. ಮತ್ತೊಬ್ಬನ ಕೈಯಾಗ ಹ್ಯಾಂಗ ಕೊಡ್ಲಿ?" ಅವರ ಮಾತಿನಲ್ಲಿ ನ್ಯಾಯ ಇತ್ತು. ಶುರುವಿನಲ್ಲಿ ಸ್ಟೆಪ್ನಿ ಬದಲಾಯಿತು, ಜಾಕ್ ಮಾಯವಾಯಿತು, ನಾನಲ್ಲ ನೀನು ಅಂತ ಜಗಳ. ಈಗ ಚೀಟಿ ಇದೆ. ಮೀಟರ್ ರೀಡಿಂಗ್, ಡೀಸೆಲ್, ಹೊಗೆ ಶುದ್ಧಿಗೆ ಗಾಡಿಗೆ ಹಾಕುವ ಯೂರಿಯಾ, ಟೈರಿನ ನಂಬರ್, ಕಂಟೇನರ್ ಸೀಲ್ ನಂಬರ್, ಎಲ್ಲಕ್ಕೂ ಫೋಟೋ. ಕೊಟ್ಟವನ ಸಹಿ, ತೆಗೆದುಕೊಂಡವನ ಸಹಿ. ಕಾಕಾ ಒಂದು ಸಲ ನನ್ನೆದುರೇ ತಂತಿ ಕಿತ್ತ ಟೈರ್ ತೋರಿಸಿ "ಇದನ್ನ ಬರದು ಕೊಡು, ಆಮ್ಯಾಲ ಸಹಿ" ಅಂತ ಗಾಡಿ ವಾಪಸ್ ಮಾಡಿದರು. ಎರಡು ತಾಸು ಲೇಟಾಯಿತು. ನಾನು ತುಟಿ ಬಿಚ್ಚಲಿಲ್ಲ, ತಾಂತ್ರಿಕ ವಿಷಯದಲ್ಲಿ ಅವರ ಮಾತೇ ಕೊನೆ ಅಂತ ನಾನೇ ಹೇಳಿದ್ದೆ.

ಗೇಟಿನ ವಿಷಯಕ್ಕೆ ಬಂದರೆ, ಗಾಡಿ ಮುಟ್ಟಿದ ಟೈಮನ್ನು ಎಲ್‌ಆರ್ (ಲಾರಿ ರಸೀದಿ) ಮೇಲೆ ಬರೆಸಿ ಸಹಿ ಮಾಡಿಸುತ್ತೇವೆ. ಎಂಟು ತಾಸು ದಾಟಿದರೆ ಗಾಡಿ ಕಾಯಿಸಿದ್ದಕ್ಕೆ ಹಾಲ್ಟಿಂಗ್ ಬಿಲ್, ಅದರಲ್ಲಿ ಅರ್ಧ ಡ್ರೈವರ್‌ಗೆ. ಒಂದು ಕಂಪನಿ "ನಿಮ್ಮಂಥವರು ಬೇಕಾದಷ್ಟು ಜನ ಇದ್ದಾರೆ" ಅಂತ ಕೆಲಸ ಕಿತ್ತುಕೊಂಡಿತು. ತಿಂಗಳಿಗೆ ಎರಡು ಲಕ್ಷದ ಬಾಡಿಗೆ ಹೋಯಿತು, ನೋವಾಯಿತು. ಉಳಿದವರು ಒಪ್ಪಿದರು. ಬಿಲ್ ಬಂದ ಕಡೆಯೆಲ್ಲ ಅನ್‌ಲೋಡಿಂಗ್ ಬೇಗ ಆಗುತ್ತಿದೆ. ಒಂದು ಕಡೆ ಡ್ರೈವರ್‌ಗಳಿಗೆ ಸಂಡಾಸು, ಕೂರಲು ಬೆಂಚು ಕೂಡ ಬಂತು. ಅದು ನಮ್ಮಿಂದಲೇ ಬಂತು ಅಂತ ಎದೆ ತಟ್ಟಿ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಯೂನಿಫಾರ್ಮ್ ಹೊಲಿಸಿದೆ, ಬಟ್ಟೆ ದಪ್ಪ, ಮೇ ತಿಂಗಳ ಕ್ಯಾಬಿನ್‌ನಲ್ಲಿ ಯಾರೂ ಹಾಕಲಿಲ್ಲ. ಏಸಿ ಇರುವ ಹೊಸ ಗಾಡಿಯವರು ಮಾತ್ರ ಹಾಕುತ್ತಾರೆ. ಹೆಸರು, ಲೈಸೆನ್ಸ್ ವರ್ಗ, ಎಷ್ಟು ವರ್ಷದ ಅನುಭವ ಅಂತ ಡ್ರೈವರ್‌ಗಳಿಗೆ ವಿಸಿಟಿಂಗ್ ಕಾರ್ಡ್ ಮಾಡಿಸಿದೆ. ಖರ್ಚು ಸಾವಿರವೂ ಆಗಲಿಲ್ಲ. ಗೇಟಿನಲ್ಲಿ ಅದನ್ನು ಕೊಟ್ಟರೆ "ಏ ಡ್ರೈವರ್" ಹೋಗಿ ಹೆಸರು ಬರುತ್ತದೆ. ಕಣ್ಣಿನ ತಪಾಸಣೆ ಮಾಡಿಸಿದಾಗ ಮೂರು ಜನಕ್ಕೆ ಕನ್ನಡಕ ಬೇಕಿತ್ತು. ಅದರಲ್ಲಿ ಒಬ್ಬನು ವರ್ಷಗಟ್ಟಲೆ ರಾತ್ರಿ ಗಾಡಿಯನ್ನೇ ಓಡಿಸಿದ್ದ.

ಈಗ ಲೆಕ್ಕ. ಗಾಡಿಗೆ ತಿಂಗಳಿಗೆ ಐದಾರು ರೌಂಡ್ ಆಗುತ್ತಿದ್ದದ್ದು ಏಳೆಂಟಾಗಿದೆ. ರೌಂಡಿಗೆ ಡೀಸೆಲ್, ಟೋಲ್ ಕಳೆದು 25,000ದ ಆಸುಪಾಸು ಕೈಗೆ ಬರುತ್ತದೆ. ಹೆಚ್ಚಿನ ಎರಡು ರೌಂಡಿನಿಂದ 50,000. ಗಾಡಿಗೆ ಒಂದೂವರೆ ಡ್ರೈವರ್ ಬೇಕಾಗುವುದರಿಂದ, ಏರಿದ ಪಗಾರವೂ ಸೇರಿ 25,000 ಹೆಚ್ಚು ಖರ್ಚು. ರೂಮು, ವಿಮೆ, ಚಿಲ್ಲರೆ ಎಲ್ಲ ತೆಗೆದರೂ ಗಾಡಿಗೆ 20,000 ಉಳಿಯುತ್ತದೆ. ಟೈರ್, ಕ್ಲಚ್ ಖರ್ಚು ಇಳಿದದ್ದು ಬೇರೆ. ಡ್ರೈವರ್ ಹುಡುಕುವ ತಾಪತ್ರಯ ನಿಂತಿದೆ, ಈಗ ಊರಿಂದ ಹುಡುಗರೇ ಕೇಳಿಕೊಂಡು ಬರುತ್ತಾರೆ. ಒಬ್ಬನಿಗೆ ಪಗಾರದ ಚೀಟಿ ನೋಡಿ ಬ್ಯಾಂಕ್ ಮನೆ ಸಾಲ ಕೊಟ್ಟಿದೆ. ಸಿಂದಗಿಯಲ್ಲಿ ಗೋಡೆ ಎದ್ದಿವೆ.

ಮಾಡುವವರು ಎರಡು ಗಾಡಿಯಿಂದ ಶುರು ಮಾಡಿ, ಮೊದಲು ರೂಮ್ ಹಿಡಿಯಿರಿ, ಆಮೇಲೆ ಲೋಡ್ ಮಾತಾಡಿ. ಮುಂಬೈ ಕಡೆಯ ನ್ಹಾವಾ ಶೇವಾ ಬಂದರಿನ ಲೈನಿಗೆ ಇದು ಇನ್ನೂ ಹೊಂದಿಲ್ಲ. ಪೋರ್ಟಿನ ಕ್ಯೂ ಎಷ್ಟು ಹೊತ್ತು ಅಂತ ಮೊದಲೇ ಗೊತ್ತಾಗದಿದ್ದರೆ ಟೈಮ್ ಕೂಡಿಬರಲ್ಲ. ಆದರೂ ಅದೇ ಕಡೆ ಕಲಂಬೋಳಿಯಲ್ಲಿ ಒಂದು ರೂಮ್ ನೋಡಿ ಬಂದಿದ್ದೇನೆ, ದೀಪಾವಳಿ ಆದ ಮೇಲೆ ಎರಡು ಗಾಡಿ ಹಾಕಿ ನೋಡುತ್ತೇನೆ.