ನಿವೃತ್ತಿಗೆ ಮೊದಲೇ ಮೂರು ವೃತ್ತ ಬರೆಯಿರಿ

ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ನಡುವೆ ‘ನಾನು’ ಎಂದು ಬರೆದು ಸುತ್ತ ಒಂದರ ಹೊರಗೊಂದು ಮೂರು ವೃತ್ತ ಎಳೆಯಿರಿ. ಯಾರಿಲ್ಲದ ಬದುಕನ್ನು ಊಹಿಸಲೂ ಆಗದೋ ಅವರು ಒಳವೃತ್ತಕ್ಕೆ. ಆಪ್ತರು, ಆದರೆ ಅಷ್ಟಲ್ಲ ಎನ್ನುವವರು ನಡುವಿನದಕ್ಕೆ. ಉಳಿದ ಒಡನಾಡಿಗಳು ಹೊರಗಿನದಕ್ಕೆ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಕಾನ್ ಮತ್ತು ಟೋನಿ ಆಂಟನೂಚಿ 1980ರಲ್ಲಿ ಮುಂದಿಟ್ಟ ಕ್ರಮವಿದು. ಬದುಕಿನುದ್ದಕ್ಕೂ ಜೊತೆ ಸಾಗುವ ಬಳಗವನ್ನು ಅವರು ಬೆಂಗಾವಲಿಗೆ ಹೋಲಿಸಿದರು.

ಈಗ ಪ್ರತಿ ಹೆಸರಿನ ಪಕ್ಕ ಆ ನಂಟು ಎಲ್ಲಿ ಹುಟ್ಟಿತೆಂದು ಬರೆಯಿರಿ. ನಿವೃತ್ತಿಯ ವಾರ ನಾನು ಬರೆದಾಗ ಹೊರವೃತ್ತದ 11 ಹೆಸರುಗಳಲ್ಲಿ 9 ಕಚೇರಿಯವು. ಆರು ತಿಂಗಳಲ್ಲಿ 7 ಅಳಿಸಿಹಾಕಿದೆ. ಹೊರವೃತ್ತದ ನಂಟುಗಳು ಹೆಚ್ಚಾಗಿ ನಮ್ಮ ಹುದ್ದೆ, ಪಾತ್ರಗಳಿಗೆ ಅಂಟಿಕೊಂಡಿರುತ್ತವೆ, ಅವು ಮುಗಿದರೆ ಕಳಚುತ್ತವೆ. ಹಾಗಾಗಿ ಕೆಲಸದಲ್ಲಿರುವಾಗಲೇ ಒಬ್ಬಿಬ್ಬರನ್ನಾದರೂ ಕೆಲಸದ ಮಾತಿಲ್ಲದೆ ಭೇಟಿಯಾಗುವ ರೂಢಿ ಮಾಡಿಕೊಳ್ಳಿ.

ಹೊಸ ಬಳಗ ಸೇರುವುದಾದರೆ ಬರೀ ಹೋಗಿ ಕೂತರೆ ಸಾಲದು. ಅಪ್ಪನ ವರ್ಗಾವಣೆಗಳಿಂದಾಗಿ ಐದು ಶಾಲೆ ಬದಲಿಸಿದವಳು ನಾನು. ಹೊಸ ತರಗತಿಯಲ್ಲಿ ಹಿಂದಿನ ಬೆಂಚು ಹಿಡಿದು ಸುಮ್ಮನಿರುವುದು ಆಗಲೇ ಕಲಿತದ್ದು. ಅರವತ್ತು ದಾಟಿದ ಮೇಲೆ ಓದುಗರ ಬಳಗವೊಂದಕ್ಕೆ ಸೇರಿದಾಗಲೂ ಒಂದು ವರ್ಷ ಹಿಂದಿನ ಸಾಲಲ್ಲೇ ಕೂತೆ. ಹೋದಷ್ಟೇ ಒಂಟಿಯಾಗಿ ಮನೆಗೆ ಬರುತ್ತಿದ್ದೆ. ಕೋಣೆಯ ಬೀಗದ ಕೈ ಇಟ್ಟುಕೊಳ್ಳುವ ಕೆಲಸ ಕೇಳಿ ಪಡೆದ ಮೇಲೆ ಎಲ್ಲ ಬದಲಾಯಿತು. ಜ್ವರ ಬಂದು ಮಲಗಿದ ದಿನ ಫೋನ್ ಬಂತು: “ಯಾಕಮ್ಮ ಬರಲಿಲ್ಲ? ಬಾಗಿಲ ಹತ್ತಿರ ನಿಂತಿದ್ದೀವಿ.” ಆ ಜ್ವರದಲ್ಲೂ ಎಷ್ಟು ಹಿತವಾಗಿತ್ತು! ನೀವು ಬಾರದಿದ್ದರೆ ಯಾರಿಗಾದರೂ ತಿಳಿಯಬೇಕು, ಅಂಥ ಕೆಲಸವನ್ನೇ ಕೇಳಿ ಪಡೆಯಿರಿ.

ಮನೆತುಂಬ ಜನರಿದ್ದಾರೆ, ನನಗೇಕೆ ಇದೆಲ್ಲ ಎನ್ನಬೇಡಿ. ಮೂರು ಲಕ್ಷಕ್ಕೂ ಹೆಚ್ಚು ಜನರನ್ನೊಳಗೊಂಡ 148 ಅಧ್ಯಯನಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಗಟ್ಟಿ ನಂಟುಳ್ಳವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚು ಎಂದು ಕಂಡಿತು. ಒಂಟಿಯಾಗಿ ವಾಸವೋ, ಜೊತೆಯಲ್ಲೋ ಎಂಬುದೊಂದನ್ನೇ ಅಳೆದಾಗ ಸಿಕ್ಕ ವ್ಯತ್ಯಾಸ ಬಹಳ ಕಡಿಮೆ. ಹಲವು ಕಡೆ ಹಲವು ಬಗೆಯಲ್ಲಿ ಬೆರೆತವರಲ್ಲೇ ಅದು ಹೆಚ್ಚು ಎದ್ದು ಕಂಡದ್ದು.

ಇನ್ನೊಂದು. ಹೆಸರು ಅಳಿಸುವ ಮುನ್ನ ಒಮ್ಮೆ ಫೋನ್ ಮಾಡಿ. ನಾನು ಮಾಡಿರಲಿಲ್ಲ. ಹೋದ ತಿಂಗಳು ಆ ಏಳರಲ್ಲಿ ಒಬ್ಬರಿಗೆ ಮಾಡಿದೆ. “ನೀವೇ ನನ್ನ ಮರೆತಿರಿ ಅಂದುಕೊಂಡಿದ್ದೆ” ಅಂದರು.