ಹರಿದ ಬಲೆಗಳ ಜಾಡಿನಲ್ಲಿ ಮುಳುಗಿದ ಹಡಗುಗಳು

ಕಾಪುವಿನಿಂದ ಉಳ್ಳಾಲದವರೆಗಿನ ಹಡಗು ದುರಂತ, ಬಿರುಗಾಳಿಗಳ ನೆನಪನ್ನು ಹಿರಿಯ ಮೀನುಗಾರರಿಂದ ಕಲೆಹಾಕುತ್ತೇನೆ ಎಂದಾಗ, ಇದೇ ಕೆಲಸದಲ್ಲಿರುವ ಮಿತ್ರರೇ ನಂಬಲಿಲ್ಲ. ಬಾಯಿಮಾತಿಗೆ ತಾರೀಖು ಎಲ್ಲಿಂದ ತರುತ್ತೀರಿ ಎಂದರು. ಈಗ ನನ್ನ ನಕ್ಷೆಯಲ್ಲಿ ಮೂವತ್ತರ ಆಸುಪಾಸು ಗುರುತುಗಳಿವೆ. ಬಹುಪಾಲು ಗುರುತುಗಳಿಗೆ ತಿಂಗಳೂ ವರ್ಷವೂ ಸಿಕ್ಕಿವೆ.

ಆರಂಭದಲ್ಲಿ ಹಾಕಿದ ಹಣವೆಲ್ಲ ನೀರುಪಾಲಾಯಿತು. ಧ್ವನಿಮುದ್ರಣ ಯಂತ್ರ, ಕಾರಿನ ಬಾಡಿಗೆ, ಕೇಳಿ ಬರೆಯುವವರ ಕೂಲಿ ಸೇರಿ ಸುಮಾರು ನಲವತ್ತು ಸಾವಿರ. “ದೊಡ್ಡ ಗಾಳಿ ಯಾವಾಗ ಬಂತು?” ಎಂದರೆ ಎಲ್ಲರೂ ಟಿವಿಯಲ್ಲಿ ಕಂಡ ತೌಕ್ತೆ ಚಂಡಮಾರುತವನ್ನೇ ಹೇಳುತ್ತಿದ್ದರು. ಮುಳುಗಿದ ಹಡಗಿಗೆ ಸಿಕ್ಕಿದರೆ ಬಲೆ ಹರಿಯುತ್ತದಲ್ಲ! “ನಿಮ್ಮ ಬಲೆ ಎಲ್ಲಿ ಹರಿಯಿತು? ಹೊಸದಕ್ಕೆ ಎಷ್ಟು ಸಾಲ ಮಾಡಿದಿರಿ?” ಎಂದು ಕೇಳತೊಡಗಿದ ಮೇಲೆ ಕೆಲಸ ಹತ್ತಿತು. ಸಾಲ ಕೊಟ್ಟವರು ಯಾರು, ಯಾವ ಮದುವೆ ಮುಂದೆ ಹೋಯಿತು, ಆಗ ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು) ಕಳೆದಿತ್ತೇ ಎಂಬುದೆಲ್ಲ ತಾನಾಗಿ ಬರುತ್ತದೆ. ಮುಂದಿನದನ್ನು ಹಳೆಯ ಪಂಚಾಂಗ ಹೇಳುತ್ತದೆ. ಆ ಬಳಿಕ ಕೇಳುವ ಇನ್ನೆರಡು ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ.

ವಿಧಾನವನ್ನು ಗೊತ್ತಿರುವ ಘಟನೆಯ ಮೇಲೆ ಪರೀಕ್ಷಿಸಿದೆ. ತೌಕ್ತೆಯಲ್ಲಿ ಮೂಲ್ಕಿಯ ಕಡಲಲ್ಲಿ ಬಂಡೆಗೆ ಸಿಕ್ಕ ‘ಕೋರಮಂಡಲ್ ಸಪೋರ್ಟರ್’ ಟಗ್ ದೋಣಿಯಿಂದ ಒಂಬತ್ತು ಮಂದಿಯನ್ನು ರಕ್ಷಿಸಿದ್ದು 2021ರ ಮೇ 17ರಂದು. ಹಿರಿಯರೊಬ್ಬರು ತಾರೀಖು ಹೇಳಲಿಲ್ಲ, “ಪತ್ತನಾಜೆಗೆ ಇನ್ನೊಂದು ವಾರವಿತ್ತು” ಎಂದರು. ಲೆಕ್ಕ ಸರಿಹೋಯಿತು.

ಜಾಗ ಹಿಡಿಯುವುದು ಇನ್ನೂ ಸೊಗಸು. ಕಾಪು ದೀಪಸ್ತಂಭ ಇಂಥ ಗುಡ್ಡದ ನೇರಕ್ಕೆ, ಇಂಥ ಗುಡಿ ಆ ತೋಪಿನ ನೇರಕ್ಕೆ ಬರಬೇಕು ಎಂದು ದೋಣಿ ನಡೆಸುವ ತಾಂಡೇಲರು ಹೇಳುತ್ತಾರೆ. ಎರಡು ಗೆರೆ ಕೂಡಿದಲ್ಲಿ ಮುಳುಗಿದ ಹಡಗಿನ ಕಬ್ಬಿಣ. 2009ರ ಜುಲೈಯಲ್ಲಿ ಕಬ್ಬಿಣದ ಅದಿರಿನೊಂದಿಗೆ ಮಂಗಳೂರಿನಾಚೆ ಮುಳುಗಿದ ‘ಏಷ್ಯನ್ ಫಾರೆಸ್ಟ್’ಗೆ ಬೇರೆ ಬೇರೆ ತಾಂಡೇಲರು ಕೊಟ್ಟ ಗೆರೆಗಳು ಒಂದು ಕಿಲೋಮೀಟರಿನೊಳಗೇ ಕೂಡಿದವು.

ನಡುವೆ ಒಂದು ಹುಚ್ಚು: ಕಡಲ ತಳದಲ್ಲಿ ಏನಿದೆ ಎಂದು ತಿಳಿಯಲು ಸೀಸದ ಗುಂಡಿನ ತಳಕ್ಕೆ ಗ್ರೀಸ್ ಬಳಿದು ಇಳಿಸಿದೆ. ಕೆಸರಿದ್ದಲ್ಲಿ ಕೆಸರು, ಮರಳಿದ್ದಲ್ಲಿ ಮರಳು ಅಂಟಿತು. ಒಂದು ಗುರುತಿನಲ್ಲಿ ಗ್ರೀಸು ಜಜ್ಜಿ, ತುಕ್ಕಿನ ಚೂರು ಹೊತ್ತು ಬಂತು! ಡೀಸೆಲ್‌ಗೇ ಆರೇಳು ಸಾವಿರವಾದರೂ ಆ ದಿನದ ಸಂತೋಷಕ್ಕೆ ಬೆಲೆ ಕಟ್ಟಲಾರೆ.

ಕೇಳಲು ಹೋಗುವವರು ಜೂನ್, ಜುಲೈಯಲ್ಲಿ ಹೋಗಿ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಹೆಚ್ಚಿನವರು ಬಲೆ ಹೆಣೆಯುತ್ತ ದಡದಲ್ಲೇ ಸಿಗುತ್ತಾರೆ. ನಕ್ಷೆಯನ್ನು ಮಾತ್ರ ಕೇಳಬೇಡಿ. ಮುಳುಗಿದ ಹಡಗಿನ ಸುತ್ತ ಮೀನು ಸೇರುತ್ತದೆ, ಗಾಳ ಹಾಕುವವರು ಆ ಜಾಗಗಳನ್ನು ನಂಬಿ ಬದುಕುತ್ತಾರೆ. ಹೇಳಿದವರ ಒಪ್ಪಿಗೆಯಿಲ್ಲದೆ ಒಂದು ಗುರುತನ್ನೂ ಹೊರಗೆ ಬಿಡುವುದಿಲ್ಲ.