'ಸರ' ಅಳಿಸಿದರೆ 'ರಸ'ವೂ ಕಾಣೆ: ಸೆಟ್ ಕಟ್ಟಿದ ನನ್ನ ಅನುಭವ

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ನಮ್ಮ ಕಡೆಯ ಆಡುಮಾತಿನ ಪದಗಳನ್ನು ಒಂದು ಫೈಲಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಅದರಲ್ಲಿ ಒಂದೇ ಪದ ನಾಲ್ಕೈದು ಸಲ ಸೇರಿಕೊಂಡಿತ್ತು. ಪೈಥಾನ್‌ನಲ್ಲಿ ಸೆಟ್ (ಒಂದು ಪದವನ್ನು ಒಂದೇ ಸಲ ಇಟ್ಟುಕೊಳ್ಳುವ ಸಂಗ್ರಹ) ಸಿದ್ಧವಾಗಿಯೇ ಇದೆ. ಆದರೂ ಒಳಗೆ ಏನು ನಡೆಯುತ್ತದೆ ಅಂತ ನೋಡುವ ಆಸೆ. ಸಿ ಭಾಷೆಯಲ್ಲಿ ನಾನೇ ಕಟ್ಟಲು ಕುಳಿತೆ.

ನವನಗರದಲ್ಲಿ ಯಾರದಾದರೂ ಮನೆಗೆ ಹೋಗಬೇಕಾದರೆ ಸೆಕ್ಟರ್ ನಂಬರ್ ಕೇಳಿಕೊಂಡು ನೇರ ಅಲ್ಲಿಗೇ ಹೋಗುತ್ತೇವೆ, ಊರೆಲ್ಲ ಸುತ್ತುವುದಿಲ್ಲ. ಸೆಟ್ ಒಳಗಿನ ಹ್ಯಾಶ್ ಎಂಬ ಲೆಕ್ಕ ಕೂಡ ಪದದಿಂದಲೇ ಒಂದು ನಂಬರ್ ತೆಗೆದು ಮನೆ ತೋರಿಸುತ್ತದೆ. ಆ ಮನೆ ತುಂಬಿದ್ದರೆ ಪಕ್ಕದ್ದು.

16 ಮನೆಗಳ ಅರೇ, ಅಂದರೆ ಸಾಲು, ಇಟ್ಟುಕೊಂಡೆ. ಮೊದಲು ಸುಮ್ನೆ ಎಲ್ಲ ಬೈಟ್‌ಗಳನ್ನು (ಅಕ್ಷರಗಳನ್ನು ಕಂಪ್ಯೂಟರ್ ಬರೆದಿಡುವ ನಂಬರ್‌ಗಳನ್ನು) ಕೂಡಿಸಿ 16ರಿಂದ ಭಾಗಿಸಿ ಶೇಷ ತೆಗೆದೆ. 'ಸರ' ಪದಕ್ಕೆ -4ನೇ ಮನೆ ಬಂತು! ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರವೂ 224 ಎಂಬ ಬೈಟ್‌ನಿಂದ ಶುರುವಾಗುತ್ತದೆ. ನನ್ನ ಕಂಪ್ಯೂಟರ್‌ನಲ್ಲಿ ಬೈಟ್ ಇಡುವ ಚಾರ್ ಸೈನ್ಡ್ (127 ದಾಟಿದ್ದನ್ನು ಋಣ ಸಂಖ್ಯೆಯಾಗಿ ಓದುವಂಥದ್ದು) ಆದ್ದರಿಂದ ಅದು -32 ಆಗಿತ್ತು. ಇಂಗ್ಲಿಷ್ ಪದಗಳಲ್ಲಷ್ಟೇ ಪರೀಕ್ಷಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅಲ್ಲಿ ಬೈಟ್ 127 ದಾಟುವುದಿಲ್ಲ. ಅನ್‌ಸೈನ್ಡ್ ಮಾಡಿದ ಮೇಲೆ 12 ಬಂತು.

ಆದರೆ ಕೂಡಿಸಿದರೆ 'ಸರ', 'ರಸ' ಎರಡಕ್ಕೂ ಒಂದೇ ಮೊತ್ತ ಅಲ್ವಾ? ಅದಕ್ಕೆ ಎಫ್‌ಎನ್‌ವಿ-1ಎ ಎಂಬ ಹ್ಯಾಶ್ ಹಾಕಿದೆ: 2166136261ರಿಂದ ಶುರು, ಪ್ರತಿ ಬೈಟ್ ಜೊತೆ ಎಕ್ಸಾರ್ (ಎರಡರ ಬಿಟ್‌ಗಳನ್ನು ಹೋಲಿಸಿ, ಬೇರೆ ಇದ್ದಲ್ಲಿ 1 ಹಾಕುವ ಲೆಕ್ಕ), ಆಮೇಲೆ 16777619ರಿಂದ ಗುಣಾಕಾರ. ಪೂರ್ತಿ ನಂಬರ್ ಬೇರೆಯಾಯಿತು. ಆದರೂ 16ರ ಶೇಷ ಎರಡಕ್ಕೂ 13! ಒಳ್ಳೆಯ ಹ್ಯಾಶ್ ಇದ್ದರೂ ಡಿಕ್ಕಿ ತಪ್ಪುವುದಿಲ್ಲ.

ನಿಜವಾಗಿ ಕಾಡಿದ್ದು ಅಳಿಸುವ ಕೆಲಸ. 'ಸರ' 13ರಲ್ಲಿ, 'ರಸ' 14ರಲ್ಲಿ ಕೂತಿದ್ದವು. 'ಸರ' ಅಳಿಸಿ ಮನೆ ಖಾಲಿ ಮಾಡಿದೆ. 'ರಸ' ಇದೆಯಾ ಅಂತ ಕೇಳಿದರೆ ಇಲ್ಲ ಅಂದಿತು. ಹುಡುಕಾಟ 13ರಲ್ಲಿ ಖಾಲಿ ಕಂಡು ಅಲ್ಲೇ ನಿಂತಿತ್ತು. ಮತ್ತೆ ಸೇರಿಸಿದಾಗ 'ರಸ' ಎರಡಾಯಿತು. ಎರಡೆರಡು ಬರಬಾರದು ಅಂತಲೇ ಸೆಟ್ ಕಟ್ಟಿದ್ದು! ಹೀಗಾಗಿ ಮನೆಗೆ ಮೂರು ಸ್ಥಿತಿ ಇಟ್ಟೆ: ಖಾಲಿ, ತುಂಬಿದೆ, ಬಿಟ್ಟುಹೋಗಿದೆ. ಹುಡುಕುವಾಗ ಬಿಟ್ಟುಹೋದ ಮನೆ ದಾಟಿ ಮುಂದೆ ಹೋಗಬೇಕು. ಸೇರಿಸುವಾಗಲೂ ಅದನ್ನು ಕಂಡ ಕೂಡಲೇ ತುಂಬಬಾರದು. ಖಾಲಿ ಮನೆ ಸಿಗುವ ತನಕ ನೋಡಿ, ಪದ ಇಲ್ಲ ಅಂತ ಖಾತ್ರಿಯಾದ ಮೇಲೆ ವಾಪಸ್ ಬಂದು ತುಂಬಬೇಕು.

ಮುಕ್ಕಾಲು ಭಾಗ ತುಂಬಿದರೆ ಅರೇ ಎರಡು ಪಟ್ಟು ಮಾಡುತ್ತೇನೆ. ಬಿಟ್ಟುಹೋದ ಮನೆಗಳೂ ಈ ಲೆಕ್ಕಕ್ಕೆ ಸೇರಬೇಕು. ಇಲ್ಲದಿದ್ದರೆ ಒಂದು ದಿನ ಖಾಲಿ ಮನೆಯೇ ಉಳಿಯದೆ ಹುಡುಕಾಟ ಮುಗಿಯುವುದೇ ಇಲ್ಲ. ಶೇಷ ಬದಲಾಗುವುದರಿಂದ ಪ್ರತಿ ಪದವನ್ನೂ ಹೊಸದಾಗಿ ಸೇರಿಸಬೇಕು. 16 ಇದ್ದದ್ದು 32 ಆದಾಗ 'ಸರ' 13ರಲ್ಲೇ ಉಳಿಯಿತು, 'ರಸ'ಕ್ಕೆ 29ನೇ ಮನೆ ಸಿಕ್ಕಿತು.